ಅಳಿಸಿಹೋದ ಏಳು ಅಂಕಿ

ಟ್ರ್ಯಾಕ್ಟರ್ ಸಾಲ ಮಾಡಿದವರಿಗೆ ಪೆನ್ಸಿಲ್ ಪ್ರಿಂಟ್ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ಚಾಸಿ ನಂಬರಿನ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದರೆ ಅಂಕಿ ಬೆಳ್ಳಗೆ ಮೂಡುತ್ತವೆ. ಹಣಕಾಸಿನವರು, ವಿಮೆಯವರು, ಆರ್‌ಟಿಓ ಏಜೆಂಟರು ಎಲ್ಲರೂ ಆ ಚೀಟಿ ಕೇಳುತ್ತಾರೆ. ನಮ್ಮ ಕಡೆ ಎಂಎಚ್ 09 ಗಾಡಿ ಕೆಎ 23 ಆಗುವಾಗ, ಕೆಎ 23 ಗಾಡಿ ಮಹಾರಾಷ್ಟ್ರಕ್ಕೆ ಹೋಗುವಾಗ ಈ ಪೆನ್ಸಿಲ್ ಕೆಲಸ ತಪ್ಪಿದ್ದಲ್ಲ. ಕಬ್ಬಿನ ಹಂಗಾಮಿನಲ್ಲಿ ಕೆಸರು, ಮಳಿ, ಕಾಕಂಬಿಯ ಜಿಗಟು ತಿಂದ ಹಳೆ ಗಾಡಿಯಾದರೆ ಕಾಗದದ ಮೇಲೆ ಅಂಕಿ ಬದಲು ಬರೀ ತುಕ್ಕಿನ ಚುಕ್ಕಿ ಬರುತ್ತವೆ. ಆಗ ಏಜೆಂಟನ ಮುಖ ಬಾಡುತ್ತದೆ, ರೇಟು ಏರುತ್ತದೆ.

ಹೋದ ವರ್ಷ ನಾನು ಇದೇ ಪೆನ್ಸಿಲ್ ಹಿಡಿದು ಒಂದು ಕೈಗಡಿಯಾರದ ಮುಂದೆ ಕುಳಿತಿದ್ದೆ. ಗಡಿಯಾರ ನಮ್ಮ ಕಾಕಾನದು. ರೋಲೆಕ್ಸ್.

ನಗಬೇಡಿ. ಹಳ್ಳಿ ಮನೆಯ ಟ್ರಂಕಿನಲ್ಲಿ ರೋಲೆಕ್ಸ್ ಹೇಗೆ ಬಂತು ಅಂತ ಕೇಳುತ್ತೀರಿ. ಕಾಕಾ ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ ದಿವಾನಜಿ ಆಗಿದ್ದ. ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರ ದೊಡ್ಡ ಚಳವಳಿ ಆದದ್ದು 1981ರಲ್ಲಿ. ಅದರ ಮರುವರ್ಷ ವಖಾರದ ಸಾವ್ಕಾರರು ಲೆಕ್ಕದ ಕೆಲಸ ಮೆಚ್ಚಿ ತಮ್ಮ ಕೈಯಲ್ಲಿದ್ದ ವಾಚನ್ನೇ ಬಿಚ್ಚಿ ಕಾಕಾನ ಕೈಗೆ ಕಟ್ಟಿದರಂತೆ. ಅವರು ಹೊಸದು ತಗೊಂಡಿದ್ದರು, ಹಳೆಯದು ಇವನಿಗೆ ಬಂತು ಅಂತ ಕಾಕು ಹೇಳುತ್ತಾಳೆ. ಎರಡೂ ಮಾತು ಖರೇ ಇರಬಹುದು. ಅದಕ್ಕೂ ಮೊದಲು ಕಾಕಾನ ಕೈಯಲ್ಲಿ ಇದ್ದದ್ದು ಎಚ್‌ಎಂಟಿ ಜನತಾ, ಲಗ್ನದಲ್ಲಿ ಮಾವ ಕೊಟ್ಟದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾದ ಮೇಲೆ ನಮ್ಮ ಭಾಗದ ಎಷ್ಟು ಅಳಿಯಂದಿರಿಗೆ ಆ ವಾಚು ಸಿಕ್ಕಿತೋ ಲೆಕ್ಕ ಇಲ್ಲ. ಅದರ ಹಿಂದೆಯೂ ನಂಬರ್ ಇರುತ್ತಿತ್ತು. ಅದನ್ನು ಯಾರೂ ಓದಲಿಲ್ಲ, ಓದುವ ಪ್ರಸಂಗವೂ ಬರಲಿಲ್ಲ.

ರೋಲೆಕ್ಸಿನ ಪ್ರಸಂಗ ಬೇರೆ. ಕಾಕಾನ ಮೊಮ್ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀ ಕಟ್ಟಲು ಒಂದೂವರೆ ಲಕ್ಷ ಕಡಿಮೆ ಬಿದ್ದಿತ್ತು, ಕೈಯಲ್ಲಿ ಹದಿನೆಂಟು ದಿನ ಇದ್ದವು. ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ ಅಂತ ಕಾರ್ಖಾನೆಯವರನ್ನು ಕೇಳಿದರೆ ಏನು ಉತ್ತರ ಬರುತ್ತದೆ ಅನ್ನುವುದು ಈ ಐದು ತಾಲೂಕಿನ ಓದುಗರಿಗೆ ಗೊತ್ತು. ಕಾಕಾ ಟ್ರಂಕು ತೆಗೆದ.

“ಇದನ್ನ ಮಾರಿಬಿಡೂಣು ಯವ್ವಾ. ಕೈಯಾಗ ಕಟ್ಟಿದ್ರ ಯಾರು ನೋಡ್ತಾರ? ಆಕಿ ಓದಿದ್ರ ನಾಲ್ಕ ಮಂದಿ ನೋಡ್ತಾರ.”

ನಾನು ಪತ್ರಿಕೋದ್ಯಮ ಓದಿದವಳು ಅಂತ ಮನೆಯಲ್ಲಿ ಆಧಾರ್ ತಿದ್ದುಪಡಿಯಿಂದ ಹಿಡಿದು ಪಹಣಿಯವರೆಗೆ ಎಲ್ಲ ಕಾಗದದ ಕೆಲಸ ನನ್ನ ಪಾಲಿಗೇ. ಇದೂ ಬಂತು.

ಕೊಲ್ಹಾಪುರದಲ್ಲಿ ಹಳೇ ವಾಚು ಕೊಳ್ಳುವ ವ್ಯಾಪಾರಿಯೊಬ್ಬರ ಹತ್ತಿರ ಹೋದೆವು. ಅವರು ವಾಚು ಕಿವಿಗೆ ಹಿಡಿದರು, ಕೀಲಿ ತಿರುವಿದರು, ಮುಳ್ಳು ನೋಡಿದರು, ಮುಖ ಅರಳಿತು. ಆಮೇಲೆ ಚೈನು ಬಿಚ್ಚಿದರು. ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ ವಾಚನ್ನು ಮೆಲ್ಲಗೆ ಕೆಳಗಿಟ್ಟರು. “ನಂಬರ್ ಇದ್ದಿದ್ದರೆ ಎರಡು ಅರವತ್ತು. ಇಲ್ಲದ್ದಕ್ಕೆ ಒಂದು ಮೂವತ್ತು.” ಸಾವಿರದಲ್ಲಿ ಓದಿಕೊಳ್ಳಿ.

ಆ ಕಾಲದ ರೋಲೆಕ್ಸಿನ ನಂಬರ್ ಎಲ್ಲಿರುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು. ಹಿಂದಿನ ಮುಚ್ಚಳದ ಮೇಲೆ ಅಲ್ಲ. ವಾಚಿನ ಮೈಯಿಂದ ಮೇಲೆ ಎರಡು, ಕೆಳಗೆ ಎರಡು ಕಾಲು ಹೊರಟಿರುತ್ತವಲ್ಲ, ಚೈನು ಸಿಕ್ಕಿಸುವ ಜಾಗ, ಆ ಕಾಲುಗಳ ನಡುವಿನ ಸಂದಿಯಲ್ಲಿ. ಹನ್ನೆರಡರ ಕಡೆ ಮಾಡೆಲ್ ನಂಬರ್, ಆರರ ಕಡೆ ಆ ವಾಚಿಗೆ ಮಾತ್ರ ಸೇರಿದ ಸೀರಿಯಲ್ ನಂಬರ್. ಚೈನು ಬಿಚ್ಚದೆ ಕಾಣುವುದಿಲ್ಲ. 1960ರ ದಶಕದ ನಡುವಿನಿಂದ ಅದು ಏಳು ಅಂಕಿಯ ನಂಬರು, 1987ರಿಂದ ಮುಂದೆ ಇಂಗ್ಲಿಷ್ ಅಕ್ಷರವೊಂದು ಸೇರಿತು. ಈಗಿನ ರೋಲೆಕ್ಸುಗಳಲ್ಲಿ ನಂಬರನ್ನು ಗಾಜಿನ ಒಳಗೆ, ಡಯಲಿನ ಸುತ್ತ ಇರುವ ಬಳೆಯ ಮೇಲೆ ಕೊರೆಯುತ್ತಾರೆ. ಕಂಪನಿಯವರಿಗೂ ಹಳೆ ಜಾಗದ ತೊಂದರೆ ಗೊತ್ತಾಗಿರಬೇಕು.

ತೊಂದರೆ ಇಷ್ಟೇ. ಚೈನಿನ ತುದಿಯ ತುಂಡು ಆ ಸಂದಿಯಲ್ಲಿ ಸರಿಯಾಗಿ ಕುಳಿತಿರುತ್ತದೆ, ಆದರೆ ಕೈ ಆಡಿದ ಹಾಗೆ ಅದೂ ಕೂದಲೆಳೆಯಷ್ಟು ಆಡುತ್ತದೆ. ದಿನಕ್ಕೆ ಸಾವಿರ ಸಲ ಸ್ಟೀಲು ಸ್ಟೀಲಿಗೆ ತಿಕ್ಕುತ್ತದೆ. ನಡುವೆ ಧೂಳು ಸಿಕ್ಕರೆ ಉಸುಕಿನ ಕಾಗದ ಹಾಕಿ ತಿಕ್ಕಿದಂತೆ. ವಖಾರದ ತಂಬಾಕಿನ ಧೂಳು ಎಂಥದ್ದು ಅಂತ ನಿಪ್ಪಾಣಿಯವರನ್ನು ಕೇಳಿ, ಮೂಗಿನೊಳಗೆ ಹೋದದ್ದು ಮೂರು ದಿನ ಸೀನಿಸುತ್ತದೆ. ಅದರ ಮೇಲೆ ಬೆವರು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಅನ್ನುವುದು ಅರ್ಧ ಮಾತು. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಆ ಪೊರೆ ಇರುವತನಕ ತುಕ್ಕಿಲ್ಲ. ಗಾಳಿಯಾಡದ ಸಂದಿಯಲ್ಲಿ ಬೆವರಿನ ಉಪ್ಪು ನಿಂತರೆ ಪೊರೆ ಹರಿದು ಮತ್ತೆ ಕೂಡಿಕೊಳ್ಳುವುದಿಲ್ಲ. ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಂಡಿ ಬೀಳುತ್ತವೆ. ಉಪ್ಪಿನಕಾಯಿ ಇಟ್ಟ ಸ್ಟೀಲ್ ಡಬ್ಬಿಯ ತಳದಲ್ಲಿ ಚುಕ್ಕಿ ಬಿದ್ದದ್ದನ್ನು ನೋಡಿದ್ದೀರಲ್ಲ, ಅದೇ.

ಸಾವ್ಕಾರರ ಕೈಯಲ್ಲಿ ಕೆಲವು ವರ್ಷ, ಕಾಕಾನ ಕೈಯಲ್ಲಿ 2006ರವರೆಗೆ ದಿನಾಲೂ. ನಂಬರಿನ ಜಾಗ ಸಿಡುಬು ಬಂದ ಮುಖದಂತಾಗಿತ್ತು.

ಕೊಲ್ಹಾಪುರದಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಒಂದು ಮಾತೂ ಆಡಲಿಲ್ಲ. ಒಂದು ಲಕ್ಷ ಮೂವತ್ತು ಸಾವಿರ ಅಂದರೆ ಫೀಗೆ ಇನ್ನೂ ಇಪ್ಪತ್ತು ಕಡಿಮೆ. ಸಂಜೆ ಊರಿನ ಹುಡುಗನೊಬ್ಬ ದಾರಿ ತೋರಿಸಿದ. ಅವನಿಗೆ ಗೊತ್ತಿದ್ದ ಲೇಸರ್ ಅಂಗಡಿಯಲ್ಲಿ ಬೆಳ್ಳಿ ಕಾಲುಂಗುರದ ಮೇಲೆ ಹೆಸರು, ಸ್ಟೀಲ್ ಕೊಡದ ಮೇಲೆ ಲಗ್ನದ ತಾರೀಖು ಕೊರೆಯುತ್ತಾರೆ. ಫೋನ್ ಹಚ್ಚಿಕೊಟ್ಟ. ಆ ಕಡೆಯಿಂದ ಬಂದ ಉತ್ತರ ಹೀಗಿತ್ತು: “ನಂಬರ್ ಹೇಳ್ರಿ, ಎಂಟುನೂರು ಕೊಡ್ರಿ, ಎರಡು ಮಿನಿಟಿನ ಕೆಲಸ.”

ಯಾವ ನಂಬರ್ ಹೇಳುವುದು? ಅದೇ ಪ್ರಶ್ನೆ.

ಚಿಕ್ಕೋಡಿ ಪೇಟೆಯಲ್ಲಿ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುವ ಚಾಚಾ ಒಬ್ಬರಿದ್ದಾರೆ. ಹೆಸರು ಬರೆಯಬೇಡ ಅಂದಿದ್ದಾರೆ, ಬರೆದರೆ ಎಲ್ಲರೂ ರೋಲೆಕ್ಸ್ ತಗೊಂಡು ಬರುತ್ತಾರೆ ಅಂತ ನಗೆ. ಈಗ ಅವರ ಅಂಗಡಿಯಲ್ಲಿ ಮೊಬೈಲ್ ಕವರು, ಸೆಲ್ಲು, ಗೋಡೆ ಗಡಿಯಾರವೇ ಹೆಚ್ಚು. ಕಾಕಾನ ವಾಚು ಅವರ ಮುಂದೆ ಇಟ್ಟಾಗ ಅವರು ಮೊದಲು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ಚಾಚಾ ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಬೈಕಿನ ಚಾಸಿ ನಂಬರ್ ಓದಲಿಕ್ಕೂ ಇದೇ ದಾರಿ. ಉಸುಕಿನ ಕಾಗದ ಮುಟ್ಟಲಿಲ್ಲ. ಆ್ಯಸಿಡ್ ಮುಟ್ಟಲಿಲ್ಲ. ವಾಚಿನ ಒಳಗಿನ ಯಂತ್ರ ಹೊರಗೆ ತೆಗೆದಿಟ್ಟು ಬರೀ ಕೇಸನ್ನು ಬೆಚ್ಚಗಿನ ಸಾಬೂನು ನೀರಲ್ಲಿ ಅರ್ಧ ತಾಸು ಇಟ್ಟರು. ಹಲ್ಲು ಚುಚ್ಚುವ ಕಟ್ಟಿಗೆ ಕಡ್ಡಿಯಿಂದ ಸಂದಿಯ ಹೊಲಸು ಕೆದರಿದರು. ಉಕ್ಕಿನ ಸೂಜಿ ಬಳಸಿದರೆ ಹೊಸ ಗೀರು ಬಿದ್ದು ಅದೇ ಅಂಕಿ ಅನಿಸುತ್ತದೆ. ಮೆತ್ತನೆಯ ಬ್ರಷ್, ಮತ್ತೆ ನೀರು, ಒಣ ಬಟ್ಟೆ. ನಾನು ಪೆನ್ಸಿಲ್ ಪ್ರಿಂಟ್ ತೆಗೆಯಲು ನೋಡಿದೆ. ಎರಡು ಸೆಂಟಿಮೀಟರಿಗಿಂತ ಕಡಿಮೆ ಅಗಲದ ಜಾಗ, ಮೇಲೆ ಗುಂಡಿಗಳು. ಕಾಗದದಲ್ಲಿ ಮೋಡ ಬಂದ ಆಕಾಶ ಬಂತು, ಅಂಕಿ ಬರಲಿಲ್ಲ.

ಆಮೇಲೆ ಚಾಚಾ ಅಂಗಡಿಯ ಟ್ಯೂಬ್‌ಲೈಟ್ ಆರಿಸಿ, ಬಾಗಿಲ ಪರದೆ ಎಳೆದು, ನನ್ನ ಫೋನಿನ ಟಾರ್ಚ್ ಹಚ್ಚಲು ಹೇಳಿದರು. ಮೇಲಿನಿಂದ ಅಲ್ಲ, ಪಕ್ಕದಿಂದ, ಬೆಳಕು ಲೋಹದ ಮೈ ಸವರಿಕೊಂಡು ಹೋಗುವ ಹಾಗೆ. ಸಂಜೆ ಹೊತ್ತು ಬಿಸಿಲು ಓರೆಯಾದಾಗ ಹೊಲದ ಸಾಲು ಹೇಗೆ ಎದ್ದು ಕಾಣುತ್ತವೆ, ಹಾಗೆ. ಟಾರ್ಚನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಸರಿಸುತ್ತ ಹೋದಂತೆ ಅಂಕಿ ಒಂದೊಂದಾಗಿ ಎದ್ದವು. ಒಂದು ಓರೆಯಲ್ಲಿ ಕಂಡದ್ದು ಇನ್ನೊಂದು ಓರೆಯಲ್ಲಿ ಮುಳುಗುತ್ತಿತ್ತು. ಇಪ್ಪತ್ತೆರಡು ಫೋಟೋ ತೆಗೆದೆ. ಮೊದಲ ಮೂರು ಸ್ಪಷ್ಟ. ನಾಲ್ಕನೆಯದು ಪಕ್ಕದ ಬೆಳಕಲ್ಲಿ ಬಂತು. ಆರನೆಯದು 3 ಇರಬೇಕು ಇಲ್ಲ 8 ಇರಬೇಕು. ಏಳನೆಯದು ಸ್ಪಷ್ಟ. ಐದನೆಯ ಜಾಗದಲ್ಲಿ ಒಂದು ದೊಡ್ಡ ಗುಂಡಿ, ಅಷ್ಟೇ.

(ಅಂಕಿಗಳನ್ನು ಇಲ್ಲಿ ಬರೆಯುವುದಿಲ್ಲ. ಕಳ್ಳ ವಾಚು, ಡುಪ್ಲಿಕೇಟ್ ವಾಚು ಮಾಡುವವರು ಇಂಥ ಖರೇ ನಂಬರುಗಳನ್ನೇ ಹುಡುಕುತ್ತಿರುತ್ತಾರೆ. ನೀವೂ ಬೆಲೆಬಾಳುವ ಸಾಮಾನಿನ ನಂಬರಿನ ಫೋಟೋ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ.)

ಮುಚ್ಚಳ ತೆಗೆದಾಗ ಇನ್ನೊಂದು ಸಾಕ್ಷಿ ಸಿಕ್ಕಿತು. ಮುಚ್ಚಳದ ಒಳಮೈಗೆ ಬೆವರೂ ಇಲ್ಲ, ಧೂಳೂ ಇಲ್ಲ. ಅಲ್ಲಿ 1500 ಅನ್ನುವ ಮಾಡೆಲ್ ನಂಬರ್ ನಿನ್ನೆ ಹೊಡೆದಂತೆ ಇತ್ತು. ಅದರ ಹತ್ತಿರ ರೋಮನ್ ಅಂಕಿಯಲ್ಲಿ ಎರಡು, ಪಕ್ಕದಲ್ಲಿ 68. ಅಂದರೆ 1968ನೇ ಇಸವಿಯ ಎರಡನೇ ಮೂರು ತಿಂಗಳು. ರೋಲೆಕ್ಸಿನವರು 1970ರ ದಶಕದ ಆರಂಭದವರೆಗೆ ಮುಚ್ಚಳದೊಳಗೆ ಹೀಗೆ ಗುರುತು ಹಾಕುತ್ತಿದ್ದರು. ಹನ್ನೆರಡರ ಕಡೆಯ ಸಂದಿಯಲ್ಲಿಯೂ 1500ರ ಮೊದಲ ಮೂರು ಅಂಕಿ ಓದಲು ಬಂದವು. ಒಳಗೂ ಹೊರಗೂ ತಾಳೆ ಆಯಿತು. ಚಾಚಾ ಅಂದರು, “ವಾಚು ಖರೇ ಐತಿ ಬೇಟಾ. ಅದರ ಹೆಸರಿನಾಗ ಒಂದಕ್ಷರ ಹೋಗೇತಿ.”

ಪೊಲೀಸರು ಕಳವಿನ ಬೈಕಿನ ಅಳಿಸಿದ ನಂಬರನ್ನು ಮತ್ತೆ ಓದುತ್ತಾರಲ್ಲ, ಅದೇಕೆ ಇಲ್ಲಿ ಆಗುವುದಿಲ್ಲ ಅಂತ ನನಗೆ ಅನಿಸಿತು. ಆ ವಿದ್ಯೆ ಚೆಂದ ಇದೆ. ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಅಂಕಿಯ ಕೆಳಗಿನ ಲೋಹವೂ ಒತ್ತಿ ಬಿಗಿಯಾಗುತ್ತದೆ. ಕಳ್ಳ ಮೇಲಿನ ಅಂಕಿಯನ್ನು ಅರದಿಂದ ತೇದು ಸಪಾಟು ಮಾಡಿದರೂ ಕೆಳಗಿನ ಬಿಗಿ ಉಳಿದಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆ ಜಾಗವನ್ನು ಕನ್ನಡಿಯಂತೆ ನಯ ಮಾಡಿ, ತಾಮ್ರದ ಕ್ಲೋರೈಡು ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಕೂಡಿಸಿದ ದ್ರಾವಣ ಸವರುತ್ತಾರೆ. ಒತ್ತಿದ ಲೋಹವನ್ನೂ ಒತ್ತದ ಲೋಹವನ್ನೂ ಆಮ್ಲ ಬೇರೆ ಬೇರೆ ವೇಗದಲ್ಲಿ ತಿನ್ನುತ್ತದೆ. ಸ್ವಲ್ಪ ಹೊತ್ತು ಹಳೆ ಅಂಕಿ ನೆರಳಿನಂತೆ ಕಾಣುತ್ತದೆ, ಅಷ್ಟರಲ್ಲಿ ಫೋಟೋ ತೆಗೆಯಬೇಕು. ಬೆಳಗಾವಿಯಲ್ಲಿಯೂ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಆದರೆ ಅಲ್ಲಿಗೆ ಸಾಮಾನು ಹೋಗುವುದು ಪೊಲೀಸರ, ಕೋರ್ಟಿನ ಕಾಗದದ ಮೇಲೆ, ಕಾಕಾನ ಕಾಗದದ ಮೇಲೆ ಅಲ್ಲ. ಎರಡನೆಯದಾಗಿ, ಹೊಡೆದ ಅಂಕಿಗೂ ಕೊರೆದ ಅಂಕಿಗೂ ಫರಕು ಇದೆ. ಕೊರೆದಾಗ ಲೋಹ ಕಿತ್ತು ಬರುತ್ತದೆ, ಕೆಳಗೆ ಒತ್ತುವುದು ಕಡಿಮೆ. ಮೂರನೆಯದಾಗಿ, ನಮ್ಮ ಐದನೆಯ ಅಂಕಿಯನ್ನು ಅಳಿಸಿದ್ದು ಅರ ಅಲ್ಲ, ಬೆವರು. ಬೆವರಿನ ಗುಂಡಿ ಅಂಕಿಯ ತಳಕ್ಕಿಂತ ಆಳಕ್ಕೆ ಇಳಿದಿತ್ತು. ಕೆಳಗೆ ಓದಲು ಏನೂ ಉಳಿದಿರಲಿಲ್ಲ.

ಇನ್ನು ಹದಿಮೂರು ದಿನ ಇದ್ದವು.

ಕಾಗದ ಹುಡುಕೋಣ ಅಂತ ಕಾಕು ಹೇಳಿದಳು. ದಿವಾನಜಿಯ ಮನೆ, ಕಾಗದಕ್ಕೇನು ಬರ? ಟ್ರಂಕಿನಲ್ಲಿ ತಂಬಾಕಿನ ತೂಕದ ಚೀಟಿಗಳು, ಸೊಸೈಟಿ ಪಾಸ್‌ಬುಕ್ಕು, ಯಾರದೋ ಲಗ್ನದ ಆಹೇರಿ ಪಟ್ಟಿ, ನನ್ನ ಅಪ್ಪ ಕಾಕಾನಿಗೆ ಬರೆದ ಇನ್‌ಲ್ಯಾಂಡ್ ಪತ್ರಗಳು. ಆ ಪತ್ರ ಓದುತ್ತ ಕುಳಿತು ಅರ್ಧ ದಿನ ಹೋಯಿತು, ಅದು ಬೇರೆ ಕತೆ. ತಳದಲ್ಲಿ ಸಾವ್ಕಾರರ ವಖಾರದ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು: ಇಂಥವರಿಗೆ ನನ್ನ ವಾಚು ಖುಷಿಯಿಂದ ಕೊಟ್ಟಿದ್ದೇನೆ ಅಂತ ಮರಾಠಿಯಲ್ಲಿ, ಸಹಿ, 1982. ಅದರ ಜೊತೆಗೆ ಪಿನ್ನು ಚುಚ್ಚಿದ ಇನ್ನೊಂದು ಚೀಟಿ. 1989ರಲ್ಲಿ ಕೊಲ್ಹಾಪುರದ ಅಂಗಡಿಯಲ್ಲಿ ಆಯಿಲಿಂಗ್ ಮಾಡಿಸಿದ ರಸೀದಿ. ಅದರಲ್ಲಿ ರೋಲೆಕ್ಸ್, ತಾರೀಖಿನ ವಾಚು, ಮುಂದೆ ಏಳು ಅಂಕಿ!

ಕಾಕಾ ರಸೀದಿಯನ್ನು ಎದೆಗೆ ಒತ್ತಿಕೊಂಡ. “ನಡಿ, ಲೇಸರಿನವನ ಹತ್ರ ಹೋಗೂಣು. ಇದ್ದ ನಂಬರ್ ಇದ್ದಲ್ಲೇ ಬರದ್ರ ಅದು ಸುಳ್ಳು ಹೆಂಗ ಆಗತೈತಿ?”

ಈ ಮಾತಿಗೆ ನನ್ನ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ದೇವಸ್ಥಾನದ ಶಾಸನ ಸವೆದರೆ ಮತ್ತೆ ಬರೆಸುತ್ತೇವೆ. ಅಂಗಡಿಯ ಬೋರ್ಡು ಮಾಸಿದರೆ ಬಣ್ಣ ಹಚ್ಚುತ್ತೇವೆ. ಇದರಲ್ಲಿ ತಪ್ಪೇನು?

ಎರಡು ಸಂಗತಿ ಅಡ್ಡ ಬಂದವು. ಒಂದು, ರಸೀದಿಯ ಅಂಕಿಗಳು ಮರಾಠಿ ಅಂಕಿಗಳು. ನಮ್ಮ ಗಡಿ ಭಾಗದವರಿಗೆ ಗೊತ್ತಿರುವುದೇ, ಅವಸರದ ಕೈಯಲ್ಲಿ ಮರಾಠಿಯ ಒಂದು ಮತ್ತು ಒಂಬತ್ತು ಅಣ್ಣ-ತಮ್ಮ ಇದ್ದಂತೆ. ಆರನೆಯದು ಎಂಟು ಅಂತ ಗಟ್ಟಿಯಾಯಿತು, ಅದರಲ್ಲಿ ಅನುಮಾನ ಇಲ್ಲ. ನಾವು ಟಾರ್ಚಿನಲ್ಲಿ ಓದಿದ ಐದೂ ರಸೀದಿಗೆ ಹೊಂದಿದವು. ಬೇಕಾಗಿದ್ದ ಐದನೆಯದೇ ಒಂದೋ ಒಂಬತ್ತೋ ತಿಳಿಯದ ಹಾಗೆ ಬರೆದಿದ್ದರು ಪುಣ್ಯಾತ್ಮರು. ಮನೆಯಲ್ಲಿ ಪಂಚಾಯಿತಿ ಕೂಡಿತು. ಕಾಕು ಒಂದು ಅಂದಳು, ಮೊಮ್ಮಗಳು ಒಂಬತ್ತು ಅಂದಳು, ಪಕ್ಕದ ಮನೆಯ ಮರಾಠಿ ಶಾಲೆಯ ನಿವೃತ್ತ ಮಾಸ್ತರರು ಕನ್ನಡಕ ಒರೆಸಿಕೊಂಡು ನೋಡಿ “ಬರದಾವನ್ನ ಕೇಳಬೇಕು” ಅಂದರು. ಆ ಅಂಗಡಿ ಈಗ ಇಲ್ಲ.

“ಎರಡರಾಗ ಒಂದು ಹಾಕಿಸೂಣು. ಅರ್ಧಾದರೂ ಖರೇ ಆಗತೈತಿ” ಅಂದ ಕಾಕಾ. ಹೇಳಿ ತಾನೇ ನಕ್ಕ. ನಲವತ್ತು ವರ್ಷ ಲೆಕ್ಕ ಬರೆದ ಕೈ ಅದು. ಖಾತೆಯಲ್ಲಿ ಒಂದರ ಜಾಗಕ್ಕೆ ಒಂಬತ್ತು ಬಿದ್ದರೆ ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎರಡನೆಯ ಸಂಗತಿ ಕಾಯ್ದೆಯದು. ಚಿಕ್ಕೋಡಿ ಕೋರ್ಟಿನ ಪರಿಚಯದ ವಕೀಲರನ್ನು ಕೇಳಿದೆ. ಅವರು ಹೇಳಿದ್ದನ್ನು ಕಾಯ್ದೆಯ ಪುಸ್ತಕದಲ್ಲಿ ನಾನೂ ನೋಡಿದೆ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಂ ಒಂದು ವಿಚಿತ್ರ ಕಲಂ. ಸಾಮಾನ್ಯವಾಗಿ ತಪ್ಪು ಮಾಡಿದ್ದೀಯ ಅಂತ ಸರ್ಕಾರ ಸಾಬೀತು ಮಾಡಬೇಕು. ಈ ಕಲಮಿನಲ್ಲಿ ಹೆಸರಿಸಿದ ಸಾಮಾನು ಕಳ್ಳಸಾಗಣೆಯದು ಅನ್ನುವ ಸಕಾರಣ ನಂಬಿಕೆಯಿಂದ ಜಪ್ತಿ ಆದರೆ, ಕಳ್ಳಸಾಗಣೆಯದು ಅಲ್ಲ ಅಂತ ನಾವೇ ಸಾಬೀತು ಮಾಡಬೇಕು. ಆ ಪಟ್ಟಿಯಲ್ಲಿ ಬಂಗಾರದ ಪಕ್ಕದಲ್ಲೇ ಕೈಗಡಿಯಾರ ಇದೆ. ಪರದೇಶದ ವಾಚು ಹಡಗಿನಲ್ಲಿ ಕದ್ದು ಬರುತ್ತಿದ್ದ ಕಾಲದಲ್ಲಿ ಬರೆದ ಕಾಯ್ದೆ, ಇಂದಿಗೂ ಇದೆ. ಹೀಗಿರುವಾಗ ಹಳೆ ಪರದೇಶಿ ವಾಚಿನ ಮೇಲೆ ಹೊಸದಾಗಿ ಕೊರೆದ ನಂಬರ್ ಇದ್ದರೆ ನೋಡಿದವರಿಗೆ ಏನು ಅನಿಸುತ್ತದೆ? ಕೊಂಡವನಿಗೆ ಹೇಳದೆ ಮಾರಿದರೆ ಅದು ಮೋಸ. ನಮ್ಮ ಮಂದಿ ಚಾರ್‌ಸೌಬೀಸ್ ಅನ್ನುವ ಹಳೆಯ 420, ಈಗಿನ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ.

ಹಾಗೆ ನೋಡಿದರೆ ನಮ್ಮ ಬದುಕು ಪೂರ್ತಿ ಇಂಥ ನಂಬರಿನ ಮೇಲೆಯೇ ನಡೆದಿದೆ. ಎಮ್ಮೆಯ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ. ಅದು ಬೇಲಿಗೆ ಸಿಕ್ಕು ಹರಿದುಹೋದ ಮೇಲೆ ಎಮ್ಮೆ ಸತ್ತರೆ ವಿಮೆಯವರ ಹತ್ತಿರ ಎಷ್ಟು ಓಡಾಡಬೇಕು ಅಂತ ಹೈನುಗಾರರಿಗೆ ಗೊತ್ತು. ಬಂಗಾರದ ಮೇಲೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯ ಇರುವ ಕಡೆ ಅದಿಲ್ಲದ ಒಡವೆ ಅಂಗಡಿಯವರು ಮಾರುವಂತಿಲ್ಲ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ನೀವು ಈಗ ಇದನ್ನು ಓದುತ್ತಿರುವ ಫೋನಿಗೂ ಹದಿನೈದು ಅಂಕಿಯ ಐಎಂಇಐ ಇದೆ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ನೋಡಿ, ಒಂದು ವಹಿಯಲ್ಲಿ ಬರೆದಿಡಿ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದನ್ನು ತಿದ್ದಿದರೆ ಮೂರು ವರ್ಷದವರೆಗೆ ಜೈಲು, ಐವತ್ತು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ತುಕ್ಕು ಹಿಡಿದ ಚಾಸಿ ನಂಬರಿಗೂ ಹಾಗೆಯೇ, ಅದು ನಿಮ್ಮದೇ ಗಾಡಿ, ನಿಮ್ಮದೇ ನಂಬರ್ ಆದರೂ ಆರ್‌ಟಿಓ ಅನುಮತಿ ಇಲ್ಲದೆ ಗ್ಯಾರೇಜಿನಲ್ಲಿ ಪಂಚ್ ಹೊಡೆಸುವಂತಿಲ್ಲ. ವಾಚಿಗೆ ಆರ್‌ಟಿಓ ಇಲ್ಲ, ಅಷ್ಟೇ ಫರಕು.

ಲೇಸರ್ ಕೆಲಸ ಗೊತ್ತಾಗುವುದಿಲ್ಲ ಅನ್ನುವುದೂ ಸುಳ್ಳು. ಚಾಚಾ ತಮ್ಮ ಹತ್ತಿರ ಇದ್ದ ಹಾಳು ಕೇಸೊಂದನ್ನು ತೋರಿಸಿದರು, ಯಾರೋ ಅದರ ಮೇಲೆ ಹೊಸ ನಂಬರ್ ಬರೆಸಿದ್ದರು. ಐಗ್ಲಾಸಿನಲ್ಲಿ ನೋಡಿದರೆ ಮಗುವಿಗೂ ತಿಳಿಯುತ್ತದೆ. ಹಳೆಯ ಅಂಕಿ ಮೊದಲು ಹುಟ್ಟಿ ಗುಂಡಿ ಆಮೇಲೆ ಬಿದ್ದಿದ್ದರೆ ಗುಂಡಿ ಅಂಕಿಯನ್ನು ಕಡಿದಿರುತ್ತದೆ. ಇಲ್ಲಿ ಅಂಕಿಯ ಗೆರೆ ಗುಂಡಿಯೊಳಗೆ ಇಳಿದು, ತಳದಲ್ಲಿ ನಡೆದು, ಆಚೆ ಏರಿತ್ತು. ಹಾಳು ಬಾವಿಯೊಳಗೆ ಹೊಸ ಬಣ್ಣ ಹಚ್ಚಿದಂತೆ. ಪರದೇಶದಲ್ಲಿ ಗುಂಡಿಗಳನ್ನು ಮೊದಲು ಲೇಸರ್ ವೆಲ್ಡಿಂಗಿನಿಂದ ತುಂಬಿ, ನಯ ಮಾಡಿ, ಮೇಲೆ ಅಂಕಿ ಕೊರೆಯುವ ಕಸಬುದಾರರಿದ್ದಾರೆ. ಚೆಂದ ಮಾಡುತ್ತಾರೆ. ಎಷ್ಟು ಚೆಂದವೋ ಅಷ್ಟು ಅಪಾಯ ಅಂತ ನನ್ನ ಅಭಿಪ್ರಾಯ. ಗುಂಡಿಯ ಜೊತೆಗೆ ನಮ್ಮ ಆರು ಖರೇ ಅಂಕಿಗಳೂ ಮುಚ್ಚಿಹೋಗುತ್ತಿದ್ದವು.

ಕಾಕಾನಿಗೆ ಇದನ್ನೆಲ್ಲ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. ನನ್ನ ಮಾತು ಒಪ್ಪಿದನೋ, ಲೇಸರಿನವನ ಮೇಲೆ ನಂಬಿಕೆ ಬರಲಿಲ್ಲವೋ ಹೇಳಲಾರೆ. “ಫೀ?” ಅಂತ ಒಂದೇ ಮಾತು ಕೇಳಿದ. ಅದು ನ್ಯಾಯವಾದ ಪ್ರಶ್ನೆಯೇ. ನಿಯಮ ಪಾಲಿಸಿದವರಿಗೆ ಯಾವ ಕಾಲೇಜೂ ರಿಯಾಯಿತಿ ಕೊಡುವುದಿಲ್ಲ.

ಚಾಚಾ ಎರಡು ಫೋನ್ ಮಾಡಿದರು. ಸಾಂಗ್ಲಿಯಲ್ಲಿ ಹಳೇ ವಾಚು ಕೂಡಿಸುವ ಹವ್ಯಾಸದವರೊಬ್ಬರು ಸಿಕ್ಕರು. ನಾನು ಒಂದು ಕಡತ ಮಾಡಿದೆ: ಇಪ್ಪತ್ತೆರಡು ಫೋಟೋದಲ್ಲಿ ಒಳ್ಳೆಯ ಒಂಬತ್ತು, ಮುಚ್ಚಳದ ಒಳಮೈಯ ಫೋಟೋ, ಸಾವ್ಕಾರರ ಪತ್ರದ ನಕಲು, 1989ರ ರಸೀದಿಯ ನಕಲು. ಸಾವ್ಕಾರರ ಕೈಯಲ್ಲಿ ಆ ವಾಚು ಕಾಣುವ ಫೋಟೋ ಏನಾದರೂ ಸಿಗುತ್ತದೋ ಅಂತ ಅವರ ಮನೆಯವರನ್ನೂ ಕೇಳಿದೆವು. ವಖಾರದ ಪೂಜೆಯ ಒಂದು ಕಪ್ಪುಬಿಳಿ ಫೋಟೋ ಕಳಿಸಿದರು. ಆರತಿ ತಟ್ಟೆ ಹಿಡಿದ ಕೈಯಲ್ಲಿ ವಾಚು ಇದೆ, ಅದು ಇದೇ ವಾಚು ಅಂತ ಫೋಟೋ ನೋಡಿ ಯಾರೂ ಆಣೆ ಮಾಡಲಾರರು. ಆದರೂ ಸೇರಿಸಿದೆ.

ಸಾಂಗ್ಲಿಯವರು ಕಾಗದವನ್ನು ವಾಚಿಗಿಂತ ಹೆಚ್ಚು ಹೊತ್ತು ನೋಡಿದರು. ರೋಲೆಕ್ಸ್ ಕಂಪನಿ ಹಳೇ ನಂಬರುಗಳ ಪಟ್ಟಿ ಹೊರಗೆ ಬಿಟ್ಟಿಲ್ಲ, ಸಂಗ್ರಹಕಾರರು ತಾವೇ ಕೂಡಿಸಿದ ಅಂದಾಜಿನ ಪಟ್ಟಿಗಳಿವೆ. ಅವರು ತಮ್ಮ ಹತ್ತಿರದ ಪಟ್ಟಿ ತೆಗೆದು ನೋಡಿದರು. ಐದನೆಯದು ಒಂದಾದರೂ ಒಂಬತ್ತಾದರೂ 1968ರ ಸುತ್ತಲೇ ಬರುತ್ತದೆ ಅಂದರು. ನೂರರ ಸ್ಥಾನದ ಅಂಕಿ ಅದು, ಲಕ್ಷದ ಲೆಕ್ಕದಲ್ಲಿ ಎಂಟುನೂರು ಆಚೀಚೆ. ಒಂದು ಲಕ್ಷ ಎಂಬತ್ತೈದು ಸಾವಿರ ಹೇಳಿದರು. ಕಾಕಾ ತೊಂಬತ್ತು ಅಂದ. ಅವರು ನಕ್ಕು ಚಹಾ ತರಿಸಿದರು, ಎಂಬತ್ತೈದಕ್ಕೇ ನಿಂತಿತು.

ಮಾರಾಟದ ಪತ್ರ ಬರೆಯುವಾಗ ಒಂದು ಸಣ್ಣ ತಕರಾರು ಬಂತು. ಅವರು ನಂಬರಿನ ಜಾಗದಲ್ಲಿ ರಸೀದಿ ನೋಡಿ ಏಳೂ ಅಂಕಿ ಬರೆಯಲು ಹೊರಟಿದ್ದರು, ಐದನೆಯದಕ್ಕೆ ಒಂದು ಅಂತ. ಆಗ ಪೆನ್ನು ಹಿಡಿದು ತಡೆದವನು ಕಾಕಾ, ನಾನಲ್ಲ. “ಸರ್, ಅಲ್ಲಿ ಒಂದು ಗೆರಿ ಎಳೀರಿ. ಅಂಕಿ ಬರೀಬ್ಯಾಡ್ರಿ.” ಕೊನೆಗೆ ಪತ್ರದಲ್ಲಿ ಬಂದದ್ದು ಹೀಗೆ: ಸೀರಿಯಲ್ ನಂಬರಿನ ಏಳು ಅಂಕಿಗಳಲ್ಲಿ ಐದು ಕಣ್ಣಿಗೆ ಓದಲು ಬರುತ್ತವೆ, ಆರನೆಯದು ರಸೀದಿಯಿಂದ ಖಾತ್ರಿಯಾಗಿದೆ, ಐದನೆಯದು ಸವೆದಿದೆ, 1 ಅಥವಾ 9 ಇರಬಹುದು, ಕೇಸಿನ ಮೇಲೆ ಹೊಸದಾಗಿ ಏನನ್ನೂ ಕೊರೆದಿಲ್ಲ. ಕೆಳಗೆ ಕಾಕಾ ಕನ್ನಡದಲ್ಲಿ ಸಹಿ ಮಾಡಿದ, ಅವರು ಮರಾಠಿಯಲ್ಲಿ ಮಾಡಿದರು, ಚಾಚಾ ಸಾಕ್ಷಿಗೆ ಉರ್ದುವಿನಲ್ಲಿ.

ಹಣ ಅವತ್ತೇ ಖಾತೆಗೆ ಬಂತು, ಫೀ ನಾಲ್ಕು ದಿನ ಮೊದಲೇ ಕಟ್ಟಿದೆವು. ಉಳಿದ ಮೂವತ್ತೈದರಲ್ಲಿ ಹುಡುಗಿಯ ಹಾಸ್ಟೆಲ್ ಡಿಪಾಜಿಟ್, ಸಮವಸ್ತ್ರ, ಸೆಕೆಂಡಿನ ಮುಳ್ಳಿರುವ ಒಂದು ವಾಚು. ನಾಡಿ ಎಣಿಸಲು ಅದು ಬೇಕಂತೆ. ಕೊಂಡವರು ಆ ಹಳೆ ಚೈನು ಬಿಚ್ಚಿಟ್ಟು, ಅಥಣಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರಿಂದ ತೊಗಲಿನ ಪಟ್ಟಿ ಮಾಡಿಸಿದ್ದಾರೆ, ಉಳಿದ ಅಂಕಿ ತಿಕ್ಕದಿರಲಿ ಅಂತ. ಫೋಟೋ ಕಳಿಸಿದ್ದರು.

ಎಚ್‌ಎಂಟಿ ಜನತಾ ಈಗ ಮತ್ತೆ ಕಾಕಾನ ಕೈಗೆ ಬಂದಿದೆ. ಎಚ್‌ಎಂಟಿ ವಾಚ್ ಕಂಪನಿಯನ್ನು ಸರ್ಕಾರ 2016ರಲ್ಲಿ ಮುಚ್ಚುವ ತೀರ್ಮಾನ ಮಾಡಿತು, ಆದರೆ ಚಾಚಾನ ಡಬ್ಬಿಯಲ್ಲಿ ಅದರ ಸ್ಪ್ರಿಂಗು, ಕೀಲಿ ಇನ್ನೂ ಸಿಗುತ್ತವೆ. ಬೆಳಗ್ಗೆ ಚಹಾ ಕುಡಿಯುವ ಮುಂಚೆ ಕೀಲಿ ಕೊಡುತ್ತಾನೆ. ದಿನಕ್ಕೆ ಎರಡು ಮಿನಿಟು ಹಿಂದೆ ಬೀಳುತ್ತದೆ ಅಂತ ಕಾಕುವಿನ ತಕರಾರು, ಹಾಲಿನ ಡೇರಿಗೆ ಹೋಗಲು ತಡ ಆಗುತ್ತದಂತೆ.